ಸೀಟಿನ ಕೆಳಗಿನ ಕೆಸರು

ಹಳೆಯ ಕಾರೊಂದರ ಬಾಗಿಲು ತೆಗೆದು ಒಳಗೆ ಕೂತರೆ, ಅದರೊಳಗೆ ಯಾವತ್ತಾದರೂ ಹೊಳೆಯ ನೀರು ನಿಂತಿತ್ತೋ ಇಲ್ಲವೋ ಎಂದು ಐದು ನಿಮಿಷದಲ್ಲಿ ಹೇಳಬಲ್ಲೆ. ಎಷ್ಟು ಎತ್ತರ ನಿಂತಿತ್ತು ಎಂಬುದನ್ನೂ ಹೇಳಬಲ್ಲೆ. ನಾನು ಮಹಾ ಜಾಣನೆಂದು ಇದರ ಅರ್ಥವಲ್ಲ. ಆ ಗುರುತುಗಳನ್ನು ಅಳಿಸುವ ಕೆಲಸವನ್ನೇ ಎರಡು ಮಳೆಗಾಲ ಮಾಡಿದವನು ನಾನು. ಯಾವ ಗುರುತು ಬೇಗ ಹೋಗುತ್ತದೆ, ಯಾವುದು ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಎಂದು ಕೈಗೆ ಗೊತ್ತಿದೆ.

ನನ್ನ ಹೆಸರು ಸಿದ್ದಪ್ಪ. ಬೆಳಗಾವಿ ಕ್ಯಾಂಪಿನ ಅಂಚಿನಲ್ಲಿದ್ದ ಒಂದು ಕುಶನ್ ಅಂಗಡಿಯಲ್ಲಿ ಮೂವತ್ತಾರು ವರ್ಷ ಕಾರಿನ ಸೀಟು ಹೊಲಿದೆ. ಅಂಗಡಿ ಬಿಟ್ಟು ಮೂರು ವರ್ಷವಾಯಿತು. ಈಗ ಮಹಾಂತೇಶ ನಗರದ ಬಾಡಿಗೆ ಮನೆಯಲ್ಲಿ ಹೆಂಡತಿಯ ಜೊತೆ ಇದ್ದೇನೆ. ಇದ್ದೇನೆ ಎನ್ನುವುದಷ್ಟೇ, ಕೂತಲ್ಲಿ ಕೂರಲಾಗುವುದಿಲ್ಲ. ಬೆಳಿಗ್ಗೆ ತಿರುಗಾಡಲು ಹೋದರೆ ಓಣಿಯಲ್ಲಿ ನಿಂತ ಕಾರುಗಳ ಕಿಟಕಿಗೆ ಮುಖ ಹಚ್ಚಿ ಒಳಗೆ ನೋಡುತ್ತೇನೆ. ಒಮ್ಮೆ ಮೇಲಿನ ಮನೆಯ ಹೆಣ್ಣುಮಗಳೊಬ್ಬರು ಕಳ್ಳನೆಂದು ಕೂಗಿ ಓಣಿಯವರನ್ನೆಲ್ಲ ಸೇರಿಸಿದ್ದರು. ಬೀಗರ ಕಾರು ಹತ್ತಿದರೂ ಮೊದಲು ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡುವುದು ನನ್ನ ಚಾಳಿ. “ಬೀಗರ ಮುಂದ ಹಿಂಗ ಮಾಡಬ್ಯಾಡ್ರಿ, ಒಂದ ಕಡೆ ಸುಮ್ಮ ಕುಂದರ್ರಿ” ಎಂದು ಹೆಂಡತಿ ತೋಳು ಚಿವುಟುತ್ತಾಳೆ.

ಬೆಲ್ಟ್ ಎಳೆಯುವುದಕ್ಕೆ ಕಾರಣವಿದೆ. ದಿನಾ ಎಳೆದು ಹಾಕಿಕೊಳ್ಳುವ ಭಾಗವನ್ನು ಎಲ್ಲರೂ ತೊಳೆಯುತ್ತಾರೆ. ಸುರುಳಿಯೊಳಗೆ ಸುತ್ತಿಕೊಂಡೇ ಇರುವ ಕೊನೆಯ ಮೊಳ ಯಾರಿಗೂ ನೆನಪಾಗುವುದಿಲ್ಲ. ಹೊಳೆ ನೀರು ಹೊಕ್ಕ ಕಾರಿನಲ್ಲಿ ಅಲ್ಲಿ ಕಂದು ಬಣ್ಣದ ಗೆರೆ ಇರುತ್ತದೆ. ಕುಶನ್ ಕೆಲಸಕ್ಕೆ ಹೊಸದಾಗಿ ಬರುವವರಿಗೆಂದು ಇದನ್ನೆಲ್ಲ ಬರೆಯುತ್ತಿದ್ದೇನೆ. ಹಳೆ ಕಾರು ಕೊಳ್ಳುವವರು ಓದಿದರೂ ನಷ್ಟವಿಲ್ಲ.

ನಮ್ಮದು ಖಾನಾಪುರ ತಾಲೂಕಿನ ಹಳ್ಳಿ, ಕುರುಬರ ಮನೆ. ಅಪ್ಪ ಕುರಿ ಕಾಯುತ್ತಿದ್ದ, ಕಂಬಳಿ ನೇಯುತ್ತಿದ್ದ. ಕುರಿ ಸಂತೆಯಲ್ಲಿ ಅವನನ್ನು ನೋಡುವುದೇ ಒಂದು ಮಜಾ. ಮೈ ತುಂಬಿ ನಿಂತ ಕುರಿಯನ್ನು ಬಿಟ್ಟು ಹೇಸಿಗೆ ಮೆತ್ತಿಕೊಂಡ ಕುರಿಯ ಹತ್ತಿರ ಹೋಗಿ ಉಣ್ಣೆ ಬಿಡಿಸಿ ಚರ್ಮ ನೋಡುತ್ತಿದ್ದ, ಮೂಸುತ್ತಿದ್ದ. “ಸಂತಿಗೆ ತೊಳದ ಕುರಿ ತಂದಾನಂದ್ರ ಯಾಕ ತೊಳದಾನು ಅಂತ ಮೊದಲ ಕೇಳಬೇಕು” ಅನ್ನುತ್ತಿದ್ದ. ಕುರಿ ಕಾಯುವುದು ನನಗೆ ಹಿಡಿಸಲಿಲ್ಲ, ಬೆಳಗಾವಿಗೆ ಬಂದೆ. ಆದರೆ ಒದ್ದೆ ಉಣ್ಣೆಯ ವಾಸನೆಯಲ್ಲಿ ಬೆಳೆದ ಮೂಗು ಜೊತೆಗೇ ಬಂತು.

ನನಗೆ ಕೆಲಸ ಕಲಿಸಿದವರು ಬಾಬುರಾವ್ ಮಾಸ್ತರರು, ಅಂಗಡಿಯ ಮಾಲಕರು. ಮನೆಮಾತು ಮರಾಠಿ, ನನ್ನನ್ನು ಬೈಯುವುದು ಮಾತ್ರ ಕನ್ನಡದಲ್ಲಿ, ನನಗೆ ಪೂರ್ತಿ ತಿಳಿಯಲಿ ಅಂತ. ಆಗಿನ ಸೀಟುಗಳಲ್ಲಿ ತೆಂಗಿನ ನಾರು, ಸ್ಪ್ರಿಂಗು, ಮೇಲೆ ಗೋಣಿತಟ್ಟು, ಅದರ ಮೇಲೆ ರೆಕ್ಸಿನ್. ದಬ್ಬಣದಲ್ಲಿ ಕೈಹೊಲಿಗೆ ಹಾಕಿ ಹಾಕಿ ಬೆರಳಿಗೆ ಗಟ್ಟಿ ಚರ್ಮ ಬಂದಿತ್ತು. ಮೊದಲ ವರ್ಷವೇ ನಾನೊಂದು ಘನಕಾರ್ಯ ಮಾಡಿದೆ. ಕ್ಯಾಂಪಿನಲ್ಲಿದ್ದ ನಿವೃತ್ತ ಮೇಜರ್ ಒಬ್ಬರ ಜೀಪಿನ ಸೀಟಿನೊಳಗೆ ದಬ್ಬಣವನ್ನು ಬಿಟ್ಟು ಹೊಲಿದುಬಿಟ್ಟೆ. ಮರುದಿನ ಮೇಜರ್ ಸಾಹೇಬರು ಆ ದಬ್ಬಣವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಡೆದುಕೊಂಡೇ ಬಂದರು. ಕರವಸ್ತ್ರವನ್ನು ಮೇಜಿನ ಮೇಲಿಟ್ಟು ಹೋದರು. ಅವತ್ತಿನಿಂದ ಮಾಸ್ತರರು ಒಂದು ಕಾನೂನು ಮಾಡಿದರು. ಯಾವ ಸೀಟು ಮುಗಿದರೂ “ಆಧಿ ತೂ ಬಸ್” ಎನ್ನುತ್ತಿದ್ದರು, ಮೊದಲು ನೀನು ಕೂತು ತೋರಿಸು ಎಂದು. ನಾನು ಮೂರು ಸಲ ದೊಪ್ಪನೆ ಕೂತೆದ್ದ ಮೇಲೆಯೇ ಸೀಟು ಗಾಡಿ ಸೇರುತ್ತಿತ್ತು.

ನಡುವಿನ ವರ್ಷಗಳ ಕಥೆ ಬೇಡ. ಸಂಬಳ ಏರಿದ್ದು, ನನ್ನ ಕೈಕೆಳಗೆ ಇಬ್ಬರು ಬಂದದ್ದು ಎಲ್ಲ ಎಲ್ಲರ ಕಥೆಯೇ. ಹೇಳಬೇಕಾದದ್ದು ಸೀಟು ಬದಲಾದ ರೀತಿ. ನಾರು ಹೋಗಿ ಫೋಮ್ ಬಂತು. ಆಮೇಲೆ ಫೋಮಿನೊಳಗೆ ವಯರುಗಳು ಬಂದವು. ಮೊದಲು ಸೀಟು ಎಂದರೆ ಕೂರುವ ಜಾಗ ಅಷ್ಟೇ ಆಗಿತ್ತು, ಈಗ ಅದು ಗಾಡಿಯ ಮಿದುಳಿಗೆ ಕಟ್ಟಿದ ಅಂಗ. ಯಾರು ಕೂತಿದ್ದಾರೆ, ಬೆಲ್ಟ್ ಹಾಕಿದ್ದಾರೋ ಇಲ್ಲವೋ, ಅಪಘಾತವಾದರೆ ಯಾವ ಏರ್‌ಬ್ಯಾಗಿನ ಚೀಲ ಬಿಚ್ಚಬೇಕು ಎಂಬುದೆಲ್ಲ ಸೀಟಿನ ಕೆಳಗಿನ ಹಳದಿ ಕನೆಕ್ಟರುಗಳಲ್ಲಿ ಓಡುತ್ತದೆ. ನಮಗೆ ಇದನ್ನು ಯಾರೂ ಕಲಿಸಲಿಲ್ಲ. ತಪ್ಪು ಮಾಡಿ ಕಲಿತೆವು.

ಒಂದು ತಪ್ಪು ಹೇಳುತ್ತೇನೆ. ಮಹಾಂತೇಶ ನಗರದ ಒಬ್ಬ ಬಟ್ಟೆ ವ್ಯಾಪಾರಿ ಹೊಸ ಕಾರಿಗೆ ಕವರ್ ಹಾಕಿಸಿಕೊಂಡು, ಮಗಳನ್ನು ಕರೆತರಲು ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹೋದರು. ನಾನು ನನ್ನ ಅತ್ಯಂತ ಗಟ್ಟಿ ನೈಲಾನ್ ದಾರದಲ್ಲಿ ಎರಡೆರಡು ಹೊಲಿಗೆ ಹಾಕಿ ಹೆಮ್ಮೆಯಿಂದ ಕಳಿಸಿದ್ದೆ. ಸಂಜೆ ಚಹಾದ ಅಂಗಡಿಯಲ್ಲಿ ಒಬ್ಬ ಪರಿಚಯದ ಮೆಕ್ಯಾನಿಕ್ ಕೇಳಿದ, “ಸಿದ್ದಪ್ಪಣ್ಣ, ಆ ಗಾಡಿ ಸೀಟಿನ ಬಾಜುಕ್ಕ ಏರ್‌ಬ್ಯಾಗ್ ಐತಲ್ಲ, ಅದರ ಮ್ಯಾಲಿನ ಹೊಲಿಗಿ ಯಾವ ದಾರದ್ದು?” ಆ ಚೀಲ ಹೊಲಿಗೆ ಹರಿದುಕೊಂಡು ಹೊರಗೆ ಬರಬೇಕು, ಅದಕ್ಕೆ ಅಲ್ಲಿ ಕಚ್ಚಾ ದಾರವೇ ಇರಬೇಕು ಎಂದು ಆಗ ತಿಳಿಯಿತು. ನನ್ನ ಹೊಲಿಗೆಯನ್ನು ಎತ್ತು ಜಗ್ಗಿದರೂ ಹರಿಯುತ್ತಿರಲಿಲ್ಲ.

ಚಹಾ ಅಲ್ಲಿಯೇ ಬಿಟ್ಟೆ. ಮೆಕ್ಯಾನಿಕ್‌ನ ಮೋಟರ್ ಸೈಕಲ್ ಇಸಿದುಕೊಂಡು ಸಾಂಬ್ರಾಕ್ಕೆ ಓಡಿಸಿದೆ. ವಿಮಾನ ತಡವಾಗಿತ್ತು, ಕಾರು ಅಲ್ಲಿಯೇ ನಿಂತಿತ್ತು. ಬ್ಲೇಡು ಹಿಡಿದುಕೊಂಡು ಅದರ ಸುತ್ತ ತಿರುಗುತ್ತಿದ್ದವನನ್ನು ಕಾವಲಿನವರು ಹಿಡಿದು ಕೂರಿಸಿದರು. ನಾನು ಸೀಟು ಹೊಲಿಯುವವನು, ಹೊಲಿಗೆ ಬಿಚ್ಚಲು ಬಂದಿದ್ದೇನೆ ಎಂದರೆ ಅವರಿಗೆ ಇನ್ನೂ ಅನುಮಾನ ಬಂತು. ವ್ಯಾಪಾರಿ ಮಗಳೊಂದಿಗೆ ಹೊರಗೆ ಬಂದಾಗ ಕಂಡದ್ದು ಇಬ್ಬರು ಕಾವಲಿನವರ ನಡುವೆ ಕೂತ ನಾನು. ಕೈ ಮುಗಿದು ತಪ್ಪು ಹೇಳಿದೆ. ಆ ಹುಡುಗಿ ಬ್ಯಾಗಿನ ಮೇಲೆ ಕೂತು ನಗುತ್ತಿದ್ದಳು, ನಾನು ಅಲ್ಲಿಯೇ ಎರಡೂ ಸೀಟಿನ ಬದಿ ಕತ್ತರಿಸಿ ಬಿಡಿಸಿದೆ. ವಾಪಸು ಬರುವಾಗ ಎದೆ ಹಗುರವಾಗಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪಿಗೆ ನಾನು ಹೀಗೆ ಓಡಿದವನು. ಗೊತ್ತಿದ್ದೂ ಮಾಡಿದ್ದಕ್ಕೆ ಓಡಲಿಲ್ಲ. ಇನ್ನು ಹೇಳುವುದು ಅದನ್ನೇ.

ಮಾಸ್ತರರು ತೀರಿಕೊಂಡ ಮೇಲೆ ಅಂಗಡಿ ಅವರ ಮಗ ವಿಲಾಸನ ಕೈಗೆ ಬಂತು. ಕೆಟ್ಟವನಲ್ಲ, ಆದರೆ ಕೆಲಸದ ಆಸೆ ಹೆಚ್ಚು. ಆ ಕಾಲಕ್ಕೆ ನದಿ ದಂಡೆಯ ಊರುಗಳಲ್ಲಿ ಮಹಾಪೂರ ಬಂದು ಎಷ್ಟೋ ಕಾರುಗಳು ಮುಳುಗಿದವು. ವಿಮೆಯವರು ಇವು ಕೆಲಸಕ್ಕೆ ಬಾರದವು ಎಂದು ಮಾಲಕರಿಗೆ ಪರಿಹಾರ ಕೊಟ್ಟು, ಗಾಡಿಗಳನ್ನು ಗುಜರಿಯ ಹಾಗೆ ಹರಾಜು ಹಾಕಿದರು. ಬಿಡಿ ಭಾಗಗಳಿಗೆ ಎಂದು ಕೊಳ್ಳಬೇಕಾದ ಗಾಡಿಗಳು ಅವು. ಅಶೋಕಶೇಠ ಎಂಬ ಹಳೆ ಕಾರಿನ ವ್ಯಾಪಾರಿ ಅವನ್ನು ಸಾಲಾಗಿ ಕೊಂಡು, ಎಂಜಿನ್ ಬಿಚ್ಚಿಸಿ ತೊಳೆಸಿ, ಒಳಗಿನ ಕೆಲಸಕ್ಕೆ ನಮ್ಮಲ್ಲಿಗೆ ಕಳಿಸತೊಡಗಿದ.

ಮೊದಲು ಬಂದದ್ದು ಒಂದು ಬಿಳಿ ಕಾರು, ಅದರ ಕಾರ್ಪೆಟ್ ಎತ್ತಿದಾಗ ಕೆಳಗೆ ಎರಡು ಬೆರಳು ದಪ್ಪ ಕೆಸರು. ಅದರೊಳಗೆ ಒಂದು ಸಣ್ಣ ಸತ್ತ ಮೀನು. ವಿಲಾಸ ಮೂಗು ಮುಚ್ಚಿಕೊಂಡು ಹೇಳಿದ, “ಸಿದ್ದಪ್ಪಾ, ಇದನ್ನ ಹೊಸಾದು ಮಾಡಿ ಕೊಡಬೇಕ ನೋಡು. ಶೇಠಂದು ಇನ್ನ ಹನ್ನೊಂದು ಗಾಡಿ ಬರಾವ ಅದಾವ.”

“ಇವನ್ನ ಮಾರತಾರೇನು?” ಅಂದೆ.

“ಮಾರಲಾರದ ಪೂಜಿ ಮಾಡತಾರ? ನಮಗ್ಯಾಕ ಅದು. ನಮ್ದು ಸೀಟಿನ ಕೆಲಸ.”

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಆ ಎರಡು ಮಳೆಗಾಲ ನಮ್ಮ ಕೈ ಖರೇನ ಕೆಸರಾಗಿತ್ತು, ಬಾಯಿಗೂ ಮೊಸರು ಬೀಳುತ್ತಿತ್ತು. ಸೀಟು ಬಿಚ್ಚಿ, ಫೋಮ್ ತೊಳೆದು ಹಿಂಡುವುದು. ಕಾರ್ಪೆಟ್ ತಿಕ್ಕುವುದು. ಸೀಟಿನ ಹಳಿಗಳ ತುಕ್ಕು ಉಜ್ಜಿ ಕಪ್ಪು ಬಣ್ಣ ಬಳಿಯುವುದು. ಬೆಳಗಾವಿಯ ಮಳೆಯಲ್ಲಿ ಫೋಮ್ ಒಣಗುವುದೇ ಇಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಕ್ಯಾಂಪಿನ ಒಂದು ಬೇಕರಿಯ ಭಟ್ಟಿಯ ಮೇಲೆ ಬೆಚ್ಚನೆಯ ಅಟ್ಟವಿತ್ತು, ಅಲ್ಲಿ ಫೋಮ್ ಹರವಿದೆವು. ಒಂದು ವಾರದಲ್ಲಿ ಬೇಕರಿಯ ಗಿರಾಕಿಗಳು ಪಾವ್ ಬ್ರೆಡ್ಡಿಗೆ ಹೊಳೆಯ ವಾಸನೆ ಬರುತ್ತದೆ ಎಂದು ಜಗಳ ತೆಗೆದರು. ಆ ವರ್ಷ ಅಶೋಕಶೇಠ ಮಾರಿದ ಕಾರುಗಳಲ್ಲಿ ಪಾವಿನ ವಾಸನೆ ಬರುತ್ತಿತ್ತು. ಒಬ್ಬ ಗಿರಾಕಿ ಅದನ್ನು ಮೆಚ್ಚಿಕೊಂಡನಂತೆ.

ನಗುತ್ತಾ ಬರೆಯುತ್ತಿದ್ದೇನೆ, ಆಗಲೂ ನಗುತ್ತಿದ್ದೆ. ಒಳಗೆ ಮಾತ್ರ ಸಮಾಧಾನವಿರಲಿಲ್ಲ. ಬಟ್ಟೆ, ಫೋಮು ತೊಳೆಯಬಹುದು. ಸೀಟಿನ ಕೆಳಗಿನ ಕನೆಕ್ಟರುಗಳ ಒಳಗೆ ಹಸಿರು ಕಿಲುಬು ಹಿಡಿದಿರುವುದನ್ನು ನೋಡುತ್ತಿದ್ದೆ. ಅದನ್ನು ಮೇಲೆ ಒರೆಸಿದರೆ ನಾಲ್ಕು ತಿಂಗಳು ಸುಮ್ಮನಿರುತ್ತದೆ, ಆಮೇಲೆ ವಯರನ್ನೇ ಒಳಗಿನಿಂದ ತಿನ್ನುತ್ತದೆ. ಶೇಠನ ಎಲೆಕ್ಟ್ರಿಷಿಯನ್ ಬಂದು, ಸದಾ ಉರಿಯುತ್ತಿದ್ದ ಏರ್‌ಬ್ಯಾಗಿನ ಎಚ್ಚರಿಕೆ ದೀಪವನ್ನು ಏನೋ ಮಾಡಿ ಆರಿಸಿ ಹೋಗುತ್ತಿದ್ದ. ಚೀಲ ಸರಿಯಾಗುತ್ತಿರಲಿಲ್ಲ, ದೀಪ ಮಾತ್ರ ಸುಮ್ಮನಾಗುತ್ತಿತ್ತು. ಮೇಲೆ ಥಳಕು, ಒಳಗೆ ಹುಳುಕು. ನಾನು ಮೇಲಿನ ಥಳಕಿನವನು.

ಎರಡನೆಯ ಮಳೆಗಾಲ ಕಳೆದು ಮುಂದಿನ ಬೇಸಿಗೆಯ ಕೊನೆಗೆ, ಖಾನಾಪುರದಿಂದ ಒಬ್ಬ ಹೆಣ್ಣುಮಗಳು ಬಿಳಿ ಕಾರೊಂದನ್ನು ತಾವೇ ನಡೆಸಿಕೊಂಡು ಅಂಗಡಿಗೆ ಬಂದರು. ಮಹಾದೇವಿ ಎಂದು ಹೆಸರು, ಪ್ರಾಥಮಿಕ ಸಾಲೆಯ ಟೀಚರ್, ಆಗ ದೀರ್ಘ ರಜೆಯಲ್ಲಿದ್ದರು. ವಿಭೂತಿ ಹಚ್ಚಿದ ಹಣೆ, ನೆಟ್ಟಗಿನ ಮಾತು. ಪಕ್ಕದಲ್ಲಿ ಅವರ ಯಜಮಾನರು ಈರಣ್ಣನವರು, ಕಾಲು ಬಾತು, ಮುಖ ಬಿಳಿಚಿತ್ತು. ಎರಡೂ ಕಿಡ್ನಿ ಕೆಟ್ಟು ವಾರಕ್ಕೆ ಮೂರು ದಿನ ಬೆಳಗಾವಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಬೇಕಿತ್ತು. ಒಂದು ಪಾಳಿ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ ಎಂದು ಡಾಕ್ಟರು ಹೇಳಿದ್ದರು.

“ಇಷ್ಟ ದಿನ ಬಸ್ಸಿನ್ಯಾಗ ಬರತಿದ್ವಿರಿ,” ಅಂದರು ಮಹಾದೇವಿಯವರು. “ವಾಪಸ್ ಹೋಗೂಮುಂದ ಇವ್ರಿಗೆ ತಲಿ ತಿರಗತೈತಿ, ನಿಂದ್ರಾಕ ಆಗೂದಿಲ್ಲ. ಅದಕ್ಕ ಗಾಡಿ ತಗೊಂಡು ನಾನ ಕಲತೆ. ಇವರ ಸೀಟು ಮಲಗೂ ಹಂಗ ಮೆತ್ತಗ ಮಾಡಿ ಕೊಡ್ರಿ. ಬಾಜೂಕ ಎತ್ತರ ಇರಲಿ, ತಿರುವಿನ್ಯಾಗ ವಾಲತಾರ.”

ಸೀಟು ಬಿಚ್ಚಲು ಕೆಳಗೆ ಬಗ್ಗಿದೆ. ಅಂಚಿನಲ್ಲಿ ಮೂರು ಗಂಟು. ನಾನು ಹೊಲಿಗೆ ಮುಗಿಸುವಾಗ ಮೂರು ಗಂಟು ಹಾಕುತ್ತೇನೆ, ಕಂಬಳಿಯ ಅಂಚಿಗೆ ಅಪ್ಪ ಹಾಕುತ್ತಿದ್ದ ಹಾಗೆ. ಬೆಳಗಾವಿಯಲ್ಲಿ ಬೇರೆ ಯಾರೂ ಹಾಗೆ ಹಾಕುವುದಿಲ್ಲ. ಸತ್ತ ಮೀನು ಸಿಕ್ಕ ಬಿಳಿ ಕಾರೇ ಅದು. ಬಗ್ಗಿದವನಿಗೆ ಏಳಲು ಮನಸ್ಸಾಗಲಿಲ್ಲ.

“ಗಾಡಿ ಛಲೋ ಐತೇನ್ರಿ?” ಮಹಾದೇವಿಯವರು ಮೇಲಿನಿಂದ ಕೇಳಿದರು. “ನೀವು ದಿನಾ ಗಾಡಿ ನೋಡಾವ್ರು. ನಮಗೇನ ತಿಳೀತೈತಿ?”

ವಿಲಾಸ ಎರಡು ಮಾರು ದೂರದಲ್ಲಿ ಮೇಜಿನ ಹಿಂದೆ ಕೂತಿದ್ದ. ತಲೆ ಎತ್ತಿ ನನ್ನನ್ನೇ ನೋಡಿದ.

“ಸೀಟು ಗಟ್ಟಿ ಅದಾವರಿ,” ಅಂದೆ.

ಅವರು ಕೇಳಿದ್ದು ಗಾಡಿ, ನಾನು ಹೇಳಿದ್ದು ಸೀಟು. ಆ ಹೆಣ್ಣುಮಗಳು ಅದನ್ನೇ ಉತ್ತರ ಎಂದು ತಿಳಿದು ಸಮಾಧಾನದಿಂದ ತಲೆಯಾಡಿಸಿದರು. ಯಾಕೆ ಹೇಳಲಿಲ್ಲ ಎಂದು ಈಗ ಕೇಳಿಕೊಂಡರೆ ಉತ್ತರ ಸರಳ. ಹೆದರಿದೆ. ಶೇಠನಿಗೆ, ವಿಲಾಸನಿಗೆ, ಪೊಲೀಸರಿಗೆ, ಮತ್ತು ಆ ಟೀಚರ್ ನನ್ನನ್ನು ನೋಡಬಹುದಾದ ನೋಟಕ್ಕೆ.

ಹೇಳುವುದರ ಬದಲು ನಾನು ಮಾಡಿದ್ದೇನೆಂದರೆ, ಅವರು ಕೇಳಿದ್ದಕ್ಕಿಂತ ಒಂದು ಇಂಚು ಹೆಚ್ಚು ಫೋಮ್ ಹಾಕಿದೆ. ಬದಿಗಳನ್ನು ತೊಟ್ಟಿಲಿನ ಹಾಗೆ ಎತ್ತರಿಸಿದೆ. ಕುತ್ತಿಗೆಗೆ ಬೇರೆ ದಿಂಬು ಹೊಲಿದು ಪುಕ್ಕಟೆ ಕೊಟ್ಟೆ. ನನ್ನಂಥ ಕೆಲಸದವರು ಮಾಡುವ ತಪ್ಪು ಇದು. ಬಾಯಿಂದ ಆಡಬೇಕಾದದ್ದನ್ನು ಕೈಯಿಂದ ತೀರಿಸಿದೆವು ಎಂದುಕೊಳ್ಳುತ್ತೇವೆ. ಈರಣ್ಣನವರು ಅದರಲ್ಲಿ ಒರಗಿ ಕಣ್ಣು ಮುಚ್ಚಿ, “ಭಾಳ ಆರಾಮ ಆತರಿ” ಅಂದಾಗ ನಾನು ಕೆಳಗೆ ಬಗ್ಗಿ, ಬಿಗಿಯಾಗಿಯೇ ಇದ್ದ ಬೋಲ್ಟನ್ನು ಮತ್ತೆ ಬಿಗಿದೆ.

ಅಲ್ಲಿಂದ ನನಗೆ ನೆಮ್ಮದಿ ಎಂಬುದಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ಅವರ ಪಾಳಿ. ಬಿಳಿ ಕಾರು ಅಂಗಡಿಯ ಮುಂದಿನ ರಸ್ತೆಯಲ್ಲೇ ಹಾಯುತ್ತಿತ್ತು. ಒಂಬತ್ತೂವರೆಗೆ ಹೊಲಿಗೆ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಹತ್ತು ನಿಮಿಷ ತಡವಾದರೆ ರಸ್ತೆಯ ತಿರುವಿನ ತನಕ ನಡೆದು ನೋಡಿ ಬರುತ್ತಿದ್ದೆ. ಕಾರು ಕಂಡರೆ, ಈಗ ವಾಪಸು ಹೋಗುವುದೊಂದು ಬಾಕಿ ಎಂದು ಮತ್ತೆ ಶುರು. ಮಹಾದೇವಿಯವರು ಒಮ್ಮೊಮ್ಮೆ ಹಾರ್ನ್ ಹೊಡೆದು ನಗುತ್ತಿದ್ದರು. ಎರಡು ಸಲ ಕೈ ಮಾಡಿ ನಿಲ್ಲಿಸಿದೆ, ಹೇಳಲೆಂದೇ ನಿಲ್ಲಿಸಿದೆ. ಒಮ್ಮೆ ದಿಂಬು ಸರಿ ಇದೆಯೇ ಎಂದು ಕೇಳಿ ಕಳಿಸಿಬಿಟ್ಟೆ. ಇನ್ನೊಮ್ಮೆ ಸೀಟಿನ ಹಳಿಗೆ ಎಣ್ಣೆ ಬಿಡುತ್ತೇನೆಂದು ಕೆಳಗೆ ಬಗ್ಗಿ ಕನೆಕ್ಟರುಗಳನ್ನು ಒರೆಸಿದೆ. ಹಸಿರು ಕಿಲುಬು ಬಟ್ಟೆಗೆ ಹತ್ತಿತು. ಬಟ್ಟೆಯನ್ನು ಜೇಬಿನಲ್ಲಿಟ್ಟುಕೊಂಡು “ಆತರಿ, ಹೋಗಿ ಬರ್ರಿ” ಅಂದೆ.

ವಿಲಾಸ ಇದನ್ನೆಲ್ಲ ನೋಡುತ್ತಲೇ ಇದ್ದ. “ಆ ಟೀಚರಿಗೆ ಏನರ ಹೇಳಿದಿ ಅಂದ್ರ ಹನ್ನೆರಡೂ ಗಾಡಿ ಹೊರಗ ಬರತಾವ. ನಿನ್ನ ಕೈಯಾಗಿನ ಕೆಲಸ ಅದಾವ ಅವು, ನಂದಲ್ಲ,” ಅಂದ. ಅದೂ ಖರೇ ಇತ್ತು.

ಮಳೆ ಹಿಡಿಯಿತು. ಒಂದು ಶುಕ್ರವಾರ ಬಿಳಿ ಕಾರು ಬರಲಿಲ್ಲ. ಒಂಬತ್ತೂವರೆ ಆಯಿತು, ಹತ್ತಾಯಿತು, ಹನ್ನೊಂದಾಯಿತು. ನನ್ನ ಹತ್ತಿರವಿದ್ದ ಅವರ ನಂಬರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಶನಿವಾರವೂ ಎತ್ತಲಿಲ್ಲ. ಆ ಎರಡು ದಿನ ನಾನು ಹೊಲಿದ ಸೀಟುಗಳನ್ನು ಆಮೇಲೆ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಸೋಮವಾರ ಒಂದು ಟೋಯಿಂಗ್ ಗಾಡಿ ಬಿಳಿ ಕಾರನ್ನು ಎಳೆದುಕೊಂಡು ಬಂದು ಅಂಗಡಿಯ ಮುಂದೆ ಇಳಿಸಿತು. ಎಡಗಡೆಯ ಕಿಟಕಿಯ ಗಾಜು ಒಡೆದಿತ್ತು. ಹಿಂದಿನಿಂದ ರಿಕ್ಷಾದಲ್ಲಿ ಮಹಾದೇವಿಯವರು ಒಬ್ಬರೇ ಬಂದಿಳಿದರು.

ನಾನು ಯಜಮಾನರಿಗಾಗಿ ಖಾಲಿ ರಿಕ್ಷಾದೊಳಗೆ ಇಣುಕಿದೆ. ಅವರೇ ಹೇಳಿದರು.

“ದವಾಖಾನ್ಯಾಗ ಅದಾರ್ರಿ. ಉಳದಾರ.”

ನಡೆದದ್ದು ಇಷ್ಟು. ಖಾನಾಪುರ ಬಿಟ್ಟು ಸ್ವಲ್ಪ ದೂರ ಬಂದ ಮೇಲೆ ಜೋರು ಮಳೆಯಲ್ಲಿ ಗಾಡಿಯ ಎಲ್ಲ ದೀಪಗಳೂ ಒಮ್ಮೆಲೇ ಉರಿದು ಆರಿದವು, ಎಂಜಿನ್ ನಿಂತಿತು. ಕಿಟಕಿ ಇಳಿಯಲಿಲ್ಲ. ಎಡಗಡೆ ಬಾಗಿಲ ಲಾಕು ಬಿಚ್ಚಲಿಲ್ಲ. ಈರಣ್ಣನವರಿಗೆ ಅವತ್ತು ಬೆಳಿಗ್ಗೆಯಿಂದಲೇ ಉಸಿರು ಸಾಲುತ್ತಿರಲಿಲ್ಲ, ಗಾಳಿಯಾಡದ ಗಾಡಿಯಲ್ಲಿ ಇನ್ನೂ ಕಟ್ಟಿತು. ಮಹಾದೇವಿಯವರು ತಮ್ಮ ಬಾಗಿಲಿಂದ ಇಳಿದು ಅವರನ್ನು ಈ ಕಡೆಗೆ ಎಳೆಯಲು ನೋಡಿದರು.

“ಸೀಟಿನ ಬಾಜು ಎತ್ತರ ಇತ್ತಲ್ರಿ,” ಅಂದರು. “ಅದನ್ನ ದಾಟಿಸಿ ಎಳ್ಯಾಕ ನನ್ನ ಕೈಲೆ ಆಗಲಿಲ್ಲ.”

ಆ ದಾರಿಯಲ್ಲಿ ಬಂದ ಬಸ್ಸಿನ ಡ್ರೈವರ್ ಜಾಕಿನ ಹಿಡಿಕೆಯಿಂದ ಕಿಟಕಿ ಒಡೆದು, ಒಳಗಿನಿಂದ ಹೇಗೋ ಬಾಗಿಲು ಬಿಡಿಸಿ ಎತ್ತಿಕೊಂಡ. ಬಸ್ಸಿನವರೆಲ್ಲ ಎದ್ದು ನಿಂತು ಹಿಂದಿನ ಸೀಟಿನ ಮೇಲೆ ಮಲಗಿಸಿದರು. ಬಸ್ಸು ಎಲ್ಲಿಯೂ ನಿಲ್ಲದೆ ನೇರ ಆಸ್ಪತ್ರೆಯ ಬಾಗಿಲಿಗೆ ಹೋಯಿತು.

“ಗಾಜಿನ ಚೂರು ಎಲ್ಲಾ ಸೀಟಿನ್ಯಾಗ ಹೊಕ್ಕಾವು. ತಗದು ಸ್ವಚ್ಛ ಮಾಡಿ ಕೊಡ್ರಿ,” ಅಂದರು ಮಹಾದೇವಿಯವರು. ಆಮೇಲೆ ದನಿ ಇಳಿಯಿತು. “ಶೇಠ ಅವರಿಗೆ ಫೋನ್ ಮಾಡಿದ್ದೆ. ನೀವು ನೀರಾಗ ಗಾಡಿ ಹಾಯಿಸೀರಿ, ಅದಕ್ಕ ಕೆಟ್ಟೈತಿ ಅಂದ್ರು. ಖರೇ ಇರಬೇಕು. ಹಳ್ಳದ ಹತ್ರ ನೀರು ನಿಂತಿತ್ತು, ನಾನು ನಿಧಾನ ಬರಬೇಕಿತ್ತು. ನನ್ನ ತಪ್ಪಿಗೆ ಅವರ ಜೀವಾ ಹೋಗತಿತ್ತರಿ.”

ಇಲ್ಲಿಯ ತನಕ ಹೆದರಿಕೆಯೇ ಗೆದ್ದಿತ್ತು. ಆ ಹೆಣ್ಣುಮಗಳು ನನ್ನ ತಪ್ಪನ್ನು ತಮ್ಮ ಹೆಗಲಿಗೆ ಹಾಕಿಕೊಂಡು ನಿಂತಿದ್ದನ್ನು ನೋಡಲಾಗಲಿಲ್ಲ. ಪಾನಾ ತೆಗೆದುಕೊಂಡು ನಾಲ್ಕೂ ಬೋಲ್ಟ್ ಬಿಚ್ಚಿ ಸೀಟನ್ನು ರಸ್ತೆಗೆ ಇಳಿಸಿದೆ. ಕಾರ್ಪೆಟ್ಟಿನ ಮೂಲೆ ಹಿಡಿದು ಎಳೆದೆ. ನಾನು ಎಷ್ಟೇ ತಿಕ್ಕಿದ್ದರೂ ತಗಡಿನ ಮಡಿಕೆಗಳಲ್ಲಿ ಹೊಳೆಯ ಸಣ್ಣ ಕೆಸರು ಹಳೆಯ ಹಿಟ್ಟಿನ ಹಾಗೆ ಒಣಗಿ ಕೂತಿತ್ತು. ಬೆರಳಿನಲ್ಲಿ ತೆಗೆದು ಅವರ ಮುಂದೆ ಹಿಡಿದೆ.

“ಟೀಚರ್, ಇದು ಹಳ್ಳದ ನೀರಲ್ಲರಿ. ಈ ಗಾಡಿ ನೀವು ತಗೊಳ್ಳೂಕಿಂತ ಮೊದಲ ಹೊಳ್ಯಾಗ ಮುಳಗಿತ್ತು. ಇದನ್ನ ತೊಳದು ಹೊಸಾದು ಮಾಡಿದಾಂವ ನಾನು.”

ವಿಲಾಸ ಮೇಜಿನ ಹಿಂದಿನಿಂದ ಎದ್ದ. “ಸಿದ್ದಪ್ಪಾ, ತಲಿ ಕೆಟ್ಟೈತೇನ ನಿನಗ?”

ಮಹಾದೇವಿಯವರು ಅವನ ಕಡೆ ನೋಡಲೂ ಇಲ್ಲ. ನನ್ನ ಬೆರಳನ್ನೇ ನೋಡುತ್ತಿದ್ದರು. ಆಮೇಲೆ ಚೀಲದಿಂದ ಒಂದು ಹಾಳೆ, ಒಂದು ಪೆನ್ನು ತೆಗೆದರು. “ಬರದು ಕೊಡತೀರೇನು?” ಅಂದರು. ಅವರು ‘ರಿ’ ಹಚ್ಚಲಿಲ್ಲ ಎಂದು ನನಗೆ ಗೊತ್ತಾಯಿತು.

ಸೀಟಿನ ಮೇಲೆಯೇ ಹಾಳೆ ಇಟ್ಟು ಬರೆದೆ. ಕಾರಿನ ನಂಬರು, ಕೆಸರು ಎಲ್ಲಿಯ ತನಕ ಇತ್ತು, ಏನೇನು ತೊಳೆದೆ, ದೀಪ ಹೇಗೆ ಆರಿಸಿದರು, ಎಲ್ಲ. ಕೊನೆಗೆ ನನ್ನ ಪೂರ್ತಿ ಹೆಸರು, ಸಹಿ. ಸಂಜೆಗೆ ಅಶೋಕಶೇಠನ ಫೋನ್ ಬಂತು. “ಉಂಡ ಮನಿ ಜಂತಿ ಎಣಿಸಿದೆಲ್ಲೋ,” ಅಂದ. ವಿಲಾಸ ಮರುದಿನದಿಂದ ಬರಬೇಡ ಎಂದ. ನನ್ನ ನಿವೃತ್ತಿ ಎಂದರೆ ಇದು. ಹಾರವಿಲ್ಲ, ಶಾಲು ಇಲ್ಲ. ಮೂವತ್ತಾರು ವರ್ಷದ ಕತ್ತರಿಯನ್ನು ಜೇಬಿಗೆ ಹಾಕಿಕೊಂಡು ನಡೆದು ಮನೆಗೆ ಬಂದೆ. ಆ ಹಾಳೆಯನ್ನು ವಕೀಲರಿಗೆ ತೋರಿಸಿದ ಮೇಲೆ ಶೇಠ ಎರಡು ವಾರದೊಳಗೆ ಗಾಡಿ ವಾಪಸು ಪಡೆದು ಅವರ ದುಡ್ಡು ಕೊಟ್ಟನಂತೆ. ಉಳಿದ ಹನ್ನೊಂದು ಕಾರುಗಳು ಎಲ್ಲಿ ಓಡಾಡುತ್ತಿವೆಯೋ ನನಗೆ ಗೊತ್ತಿಲ್ಲ. ನಾನು ಓಣಿಯ ಕಾರುಗಳಿಗೆ ಮುಖ ಹಚ್ಚಿ ನೋಡುವುದು ಅದಕ್ಕೇ.

ಈ ಕೆಲಸಕ್ಕೆ ಬರುವವರಿಗೆ ಒಂದು ಮಾತು. ಗಾಡಿಯ ಒಳಗನ್ನು ಮೊದಲು ನೋಡುವವರು ನಾವು. ಎಂಜಿನ್ನಿನವನು ಎಂಜಿನ್ ನೋಡುತ್ತಾನೆ, ಕೊಳ್ಳುವವನು ಬಣ್ಣ ನೋಡುತ್ತಾನೆ. ಸೀಟಿನ ಬೋಲ್ಟಿನ ತುಕ್ಕು, ಬೆಲ್ಟಿನ ಕೊನೆಯ ಮೊಳ, ಹೆಚ್ಚುವರಿ ಗಾಲಿಯ ಕೆಳಗಿನ ಕೆಸರು, ಹಳೆ ಗಾಡಿಗೆ ಹೊಸ ಕಾರ್ಪೆಟ್, ಮೂಗಿಗೆ ಹೊಡೆಯುವ ಅತ್ತರು, ಇವೆಲ್ಲ ನಮ್ಮ ಕೈಗೆ ಮೊದಲು ಸಿಗುತ್ತವೆ. ಕೊಳ್ಳುವವರು ಗಾಡಿಯ ಹಿಂದಿನ ವಿಮೆಯ ಕಾಗದ ಕೇಳಲಿ, ಪರಿಹಾರ ತೆಗೆದುಕೊಂಡದ್ದು ಏನಾದರೂ ಇದೆಯೇ ವಿಚಾರಿಸಲಿ. ನೀವು ಕಂಡದ್ದನ್ನು ಹೇಳಿ. ಕಂಡ ದಿನವೇ ಹೇಳಿ.

ಕೆಲಸ ಹೋದ ಒಂದು ತಿಂಗಳಿಗೆ ಬಸ್ಸು ಹತ್ತಿ ಖಾನಾಪುರಕ್ಕೆ ಹೋಗಿದ್ದೆ. ಹೋಗಬೇಡಿ ಎಂದು ಹೆಂಡತಿ ಹೇಳಿದ್ದಳು. ಈರಣ್ಣನವರು ಪಡಸಾಲೆಯಲ್ಲಿ ಮಂಚದ ಮೇಲೆ ಒರಗಿದ್ದರು. ಇನ್ನೂ ಸೊರಗಿದ್ದರು. ನನ್ನನ್ನು ಕಂಡು ಎದ್ದು ಕೂರಲು ನೋಡಿದರು.

“ಬರ್ರಿ ಸಿದ್ದಪ್ಪನವರ, ಕುಂದರ್ರಿ. ಏ, ಚಾ ಮಾಡು ಇವ್ರಿಗೆ,” ಎಂದು ಒಳಗೆ ಕೂಗಿದರು. “ಈಗ ಮತ್ತ ಬಸ್ಸಿನ್ಯಾಗ ಹೋಗೂದ ಐತ್ರಿ. ಆ ಸೀಟು ಮಾತ್ರ ನೆನಪಾಗತೈತಿ. ಭಾಳ ಮೆತ್ತಗಿತ್ತು.”

ಅವರು ವ್ಯಂಗ್ಯವಾಡುತ್ತಿರಲಿಲ್ಲ, ಮನಸ್ಸಿನಿಂದಲೇ ಹೇಳಿದರು. ಕೇಳುವುದು ಅದಕ್ಕೇ ಕಷ್ಟವಾಯಿತು.

ಮಹಾದೇವಿಯವರು ಚಹಾ ತಂದು ನನ್ನ ಮುಂದೆ ಇಟ್ಟರು. ಬಾಗಿಲಿನ ಚೌಕಟ್ಟಿಗೆ ಆತು ನಿಂತರು. ನಾನು ತಲೆ ತಗ್ಗಿಸಿ, ತಪ್ಪಾಯಿತು ಎಂದೆ. ಕಡೆಗಾದರೂ ಹೇಳಿದೆನಲ್ಲ, ಅದರಿಂದ ಮನಸ್ಸಿಗೆ ಸ್ವಲ್ಪ ಹಗುರವಾಯಿತು ಎಂದೂ ಅಂದೆ. ಅದನ್ನು ಅನ್ನಬಾರದಿತ್ತು.

“ಹಗರ ಆತೇನ್ರಿ,” ಅಂದರು ಅವರು. ಸಿಟ್ಟಿರಲಿಲ್ಲ, ಮಕ್ಕಳ ಹಾಜರಿ ಕರೆಯುವ ದನಿ. “ಆ ಸೀಟು ಮಾಡಿಸಿಕೊಂಡು ಹೋದ ಮ್ಯಾಲೆ ಕೆಡೂತನಕಾ ನಾವು ಹದಿನೆಂಟು ಸಲ ಬೆಳಗಾವಿಗೆ ಹೋಗಿ ಬಂದೇವಿ. ದವಾಖಾನಿ ಚೀಟಿ ನೋಡಿ ಎಣಿಸೇನಿ. ಹದಿನೆಂಟೂ ಸಲ ಇವರು ಆ ಗಾಡ್ಯಾಗ ಕಣ್ಣ ಮುಚ್ಚಿ ಮಲಗಿದ್ರು, ನಾನು ನಡಸತಿದ್ದೆ. ಹದಿನೆಂಟೂ ಸಲ ನಿಮಗ ಗೊತ್ತಿತ್ತು.”

“ಹೌದ್ರಿ,” ಅಂದೆ.

ಅವರು ಒಳಗೆ ಹೋದರು. ಚಹಾ ಕುಡಿಯಿರಿ, ಆರುತ್ತದೆ ಎಂದು ಈರಣ್ಣನವರು ಮತ್ತೆ ಮತ್ತೆ ಹೇಳುತ್ತಿದ್ದರು.